ಜುಮ್

ದಕ್ಕೆಯಿಂದ ಫೆರಿ ಹತ್ತಿದರೆ ಬೆಂಗ್ರೆ ಏಳು ನಿಮಿಷ.
ಚೀಲದಲ್ಲಿ ಟೆಸ್ಟರ್, ಇಕ್ಕಳ, ಅರ್ಧ ಸುರುಳಿ ಹಸಿರು ವಯರು.
ನೆಬೀಸಮ್ಮನ ಫೋನು ಬೆಳಿಗ್ಗೆಯೇ ಬಂದಿತ್ತು:
"ಫ್ರಿಜ್ಜಿಗೆ ಎಂತದೂ ಆಗಲಿಲ್ಲ, ತಂಪು ಲಾಯ್ಕ ಉಂಟು,
ಮುಟ್ಟಿದರೆ ಮಾತ್ರ ಜುಮ್ ಅಂತದೆ.
ಅವಸರ ಇಲ್ಲ. ಈಚೆ ಬಂದಾಗ ಬಂದರೆ ಸಾಕು."

ಅವಸರ ಯಾಕಿಲ್ಲ ಎಂದು ಒಳಗೆ ಹೋದಾಗ ಕಂಡಿತು.
ಫ್ರಿಜ್ಜಿನ ಮುಂದೆ ಒಂದು ಜೊತೆ ರಬ್ಬರ್ ಚಪ್ಪಲಿ,
ಹಿಡಿಕೆಗೆ ಸುತ್ತಿದ ಹಳೆ ಬೈರಾಸು.
ಮನೆಯಲ್ಲಿ ಎಲ್ಲರಿಗೂ ಕ್ರಮ ಗೊತ್ತು:
ಚಪ್ಪಲಿ ಮೆಟ್ಟು, ಕೈ ಒರೆಸು, ಬಟ್ಟೆ ಹಿಡಿದು ಎಳೆ.
ಮೊಮ್ಮಗ ಶಮ್ಮಾಸನಿಗೆ ನಾಲ್ಕು ವರ್ಷ.
ಅವನ ಅಳತೆಯದ್ದೂ ಅಲ್ಲೇ ಉಂಟು,
ನೀಲಿ, ಮೇಲೆ ಆನೆಯ ಚಿತ್ರ.
"ಅವ ಭಾರೀ ಜಾಣ," ಅಂದರು. "ಒಮ್ಮೆಯೂ ಮರೆಯುವುದಿಲ್ಲ."

ಹೀಗೆ ಮನೆಗಳು ಕರೆಂಟಿನ ಜೊತೆ ಒಪ್ಪಂದ ಮಾಡಿಕೊಳ್ಳುತ್ತವೆ,
ಸೋರುವ ನಳ್ಳಿಯ ಜೊತೆ, ಆಚೆಮನೆ ನಾಯಿಯ ಜೊತೆ
ಮಾಡಿಕೊಂಡ ಹಾಗೆ.
ಕರೆಂಟು ಮಾತ್ರ ಸಹಿ ಹಾಕಿರುವುದಿಲ್ಲ.

ಹಿಡಿಕೆಗೆ ಟೆಸ್ಟರ್ ತಾಗಿಸಿದೆ.
ಅದರ ಹೊಟ್ಟೆಯೊಳಗೆ ಕಿತ್ತಳೆ ಬಣ್ಣದ ಸಣ್ಣ ಹುಳವೊಂದು ಎದ್ದು ಕೂತಿತು.
ಬಾಗಿಲಿಗೆ, ಬದಿಗೆ, ಹಿಂದಿನ ಜಾಲರಿಗೆ,
ಎಲ್ಲಿ ತಾಗಿಸಿದರೂ ಎದ್ದಿತು.
ಬಂಗುಡೆ ತೊಳೆದ ನೀರು ನೆಲದಲ್ಲಿ
ಅದರ ಕಾಲಿನವರೆಗೂ ಬಂದಿತ್ತು.

ಮೈನ್ ತೆಗೆದು, ಫ್ರಿಜ್ಜು ಎಳೆದು, ಗೋಡೆ ನೋಡಿದರೆ
ಅಡಾಪ್ಟರಿನ ಬೆನ್ನ ಮೇಲೆ ಅಡಾಪ್ಟರು,
ಅದರ ಹೆಗಲಲ್ಲಿ ಫೋನಿನ ಚಾರ್ಜರು, ಸೊಳ್ಳೆಯ ಮಿಷನು,
ನಡುವೆ ಫ್ರಿಜ್ಜಿನದ್ದು. ಗಂಡ ಶಾರ್ಜಾದಲ್ಲಿದ್ದಾಗ ಕಳಿಸಿದ್ದು,
ಚಪ್ಪಟೆ ಮೂರು ಹಲ್ಲಿನ ಪ್ಲಗ್ಗು,
ಉಪ್ಪುಗಾಳಿಗೆ ಹಿತ್ತಾಳೆ ಹಸಿರಾಗಿತ್ತು.
ಒಂದೊಂದೇ ಕಿತ್ತೆ. ಗೋಡೆಗೆ ಅಂಟಿದ್ದು ಕೊನೆಗೆ ಕೈಗೆ ಬಂತು:

ಎರಡೇ ಕಾಲು.
ಮೂರನೆಯದ್ದರ ಜಾಗದಲ್ಲಿ ಬುಡಕ್ಕೆ ಕೊಯ್ದ ಮೋಟು,
ಅರ ಹಾಕಿ ನಯ ಮಾಡಿದ್ದು,
ಮೇಲೆ ಒಂದು ಬೊಟ್ಟು ಕೆಂಪು ನೇಲ್‌ಪಾಲಿಶ್.

ನೇಲ್‌ಪಾಲಿಶ್ ನನ್ನ ಅಕ್ಕನದ್ದು.
ಆಗ ನನಗೆ ಹತ್ತೊಂಬತ್ತು, ಬಂದರಿನ ಅಂಗಡಿಗೆ ಸೇರಿ ಎರಡು ತಿಂಗಳು.
ನಾನು ಮಾಡಿದ್ದಕ್ಕೆಲ್ಲ ಒಂದು ಬೊಟ್ಟು ಇಡುವ ಹುಚ್ಚು.
ಯಾರೋ ಬಂದು "ನಮ್ಮ ಬೋರ್ಡಿಗೆ ಎರಡೇ ತೂತು,
ಇದು ಹೋಗುವುದಿಲ್ಲ ಮಾರಾಯ" ಅಂದಿರಬೇಕು.
ಹ್ಯಾಕ್ಸಾ ತೆಗೆದೆ. ಐದು ರೂಪಾಯಿ ತೆಗೆದುಕೊಂಡೆ.
"ಈ ಕಾಲು ಸುಮ್ಮನೆ ಇರುವುದು" ಅಂದಿದ್ದೆ.
ಮುಖ ನೆನಪಿಲ್ಲ, ಮಾತು ನೆನಪುಂಟು;
ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದೆ.

ಆಮೇಲೆ ಈ ಮನೆಯ ಬೋರ್ಡು ಬದಲಾಗಿದೆ,
ಮೂರು ತೂತು ಬಂದಿದೆ, ಹಿಂದೆ ಹಸಿರು ವಯರೂ ಉಂಟು.
ಮೂರನೆಯ ತೂತು ಇಷ್ಟು ವರ್ಷ ಬಾಯಿ ತೆರೆದು ಕೂತಿತ್ತು.
ಒಳಗೆ ಜೇಡ ಮೊಟ್ಟೆ ಇಟ್ಟಿತ್ತು.

ನೆಬೀಸಮ್ಮ ಚಾ ತಂದರು, ಅಡಾಪ್ಟರು ತಿರುಗಿಸಿ ನೋಡಿದರು.
"ಯಾವ ಬೇವಾರ್ಸಿ ಕೊಯ್ದದ್ದು ಇದನ್ನು?"
"ನಾನೇ," ಅಂದೆ.
ಅವರು ಆನೆಯ ಚಪ್ಪಲಿಯನ್ನು ನೋಡಿದರು,
ತುಂಬ ಹೊತ್ತು.
"ಚಾ ಕುಡಿ. ತಣಿಯುತ್ತದೆ."

ಹಿಂದೆ ಇಲಿ ಕಡಿದ ವಯರು ಬದಲಿಸಿದೆ,
ಅಡಾಪ್ಟರಿಲ್ಲದೆ ಹೊಸ ಪ್ಲಗ್ಗು, ಮೂರೂ ಕಾಲು.
ಅಂಗಳದ ಅರ್ತಿನ ಗುಂಡಿಯಲ್ಲಿ ಹೊಯಿಗೆ ಒಣಗಿ ಹಪ್ಪಳ;
ಉಪ್ಪು, ಮಸಿ, ಎರಡು ಕೊಡ ನೀರು.
"ಸೆಕೆಗಾಲದಲ್ಲಿ ವಾರಕ್ಕೊಮ್ಮೆ ಎರೆಯಿರಿ,
ಮಲ್ಲಿಗೆಗೆ ಎರೆಯುವಾಗ ಇದಕ್ಕೂ."
ಹಿಡಿಕೆಗೆ ಟೆಸ್ಟರ್ ತಾಗಿಸಿದೆ. ಹುಳ ಏಳಲಿಲ್ಲ.

ಶಮ್ಮಾಸ್ ಬಂದ. ಚಪ್ಪಲಿ ಮೆಟ್ಟಿದ, ಅಂಗಿಗೆ ಕೈ ಒರೆಸಿದ,
ಬೈರಾಸು ಹುಡುಕಿದ.
ಬೈರಾಸು ಆಗಲೇ ಒಗೆಯುವ ಕಲ್ಲಿನ ಮೇಲಿತ್ತು.
"ಇನ್ನು ಹಾಗೇ ಮುಟ್ಟಬಹುದು," ಅಂದೆ.
ಅವ ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ,
ಮುಟ್ಟಲಿಲ್ಲ.

ಸಂಜೆಯ ಫೆರಿಯಲ್ಲಿ ಕಿಸೆಯೊಳಗೆ
ಆ ಎರಡು ಕಾಲಿನದ್ದು ತೊಡೆಗೆ ಚುಚ್ಚುತ್ತಿತ್ತು.
ಕುದ್ರೋಳಿ, ಉಳ್ಳಾಲ, ತೊಕ್ಕೊಟ್ಟು, ಜೆಪ್ಪು.
ಎಷ್ಟು ಬೊಟ್ಟು ಇಟ್ಟಿದ್ದೆ ಆ ಎರಡು ವರ್ಷದಲ್ಲಿ?
ಅಕ್ಕನ ಶೀಶೆ ಖಾಲಿಯಾದದ್ದು ಮಾತ್ರ ನೆನಪುಂಟು,
ಅವಳು ಬೈದದ್ದು,
ನಾನು ಇನ್ನೊಂದು ತಂದುಕೊಟ್ಟದ್ದು.